ಬಾಲ್ಕನಿ ತುಂಬಾ ಬೆಟ್ಟ, ಆದರೂ ನನಗೆ ಯಾಕೋ ಭಯ

ಪ್ರಶ್ನೆ: ನನಗೆ 39 ವರ್ಷ, ಊರು ಧಾರವಾಡ. ಗಂಡನಿಗೆ ಪುಣೆಯ ಹಿಂಜೆವಾಡಿಯಲ್ಲಿ ಕೆಲಸ ಸಿಕ್ಕಿದೆ. ಜೂನ್‌ಗೆ ಮೊದಲು ಹೋಗಬೇಕು. ಮಗಳು ಎಂಟನೇ ತರಗತಿಗೆ, ಮಗ ಎರಡನೇ ತರಗತಿಗೆ. ಅತ್ತೆಗೆ 72, ಮಂಡಿನೋವು. ಇವರು ಭೂಗಾಂವ್‌ನಲ್ಲಿ 14ನೇ ಮಹಡಿಯ ಒಂದು ಫ್ಲ್ಯಾಟ್ ನೋಡಿಕೊಂಡು ಬಂದಿದ್ದಾರೆ. ಬಾಲ್ಕನಿ ಎದುರಿಗೇ ಬೆಟ್ಟ. ಇಲ್ಲಿನ ಸೈಟು ಮಾರಿ ಅದನ್ನೇ ಕೊಳ್ಳೋಣ ಅನ್ನುತ್ತಾರೆ. "ಇಷ್ಟು ಚೊಲೋ ಮನಿ ಯಾರರ ಬ್ಯಾಡ ಅಂತಾರೇನು?" ಅಂತ ದಿನಾ ಫೋಟೊ ತೋರಿಸುತ್ತಾರೆ. ನನಗೆ ಅತ್ತೆಯದೇ ಚಿಂತೆ. ಲಿಫ್ಟ್ ಕೆಟ್ಟರೆ ಅವರ ಮಂಡಿಯ ಗತಿ ಏನು? ಹತ್ತಿರ ಡಾಕ್ಟರ್ ಇರುತ್ತಾರಾ? ನಾನು ಮನೆಯಲ್ಲಿ 22 ಮಕ್ಕಳಿಗೆ ಸಂಗೀತ ಹೇಳಿಕೊಡುತ್ತೇನೆ, ಅದು ಹೇಗೂ ನಿಲ್ಲುತ್ತದೆ. ಅತ್ತೆಗೆ ಮೆಟ್ಟಿಲು ಹತ್ತಲು ಆಗುವುದೇ ಇಲ್ಲ. ಆದರೆ ಗಂಡನ ಖುಷಿಗೆ ಕಲ್ಲು ಹಾಕಲು ಮನಸ್ಸಿಲ್ಲ. ಬೇಡ ಅಂದರೆ ನಾನು ಕೆಟ್ಟವಳಾಗುತ್ತೇನಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅತ್ತೆಯ ಮಂಡಿ ಮೂರು ಸಲ ಬಂದಿದೆ. 22 ಮಕ್ಕಳು ಒಂದೇ ಸಲ, ಅದೂ "ಹೇಗೂ ನಿಲ್ಲುತ್ತದೆ" ಅಂತ. ತಪ್ಪು ತಿಳಿಯಬೇಡಿ. ಮಂಡಿನೋವು ನಿಜವೇ ಇರಬಹುದು, ಆದರೆ ನೀವು ಅದರ ಹಿಂದೆ ನಿಂತು ಮಾತಾಡುತ್ತಿದ್ದೀರಿ ಅನಿಸಿತು. ಅತ್ತೆ ಹೆಸರಲ್ಲಿ ಬೇಡ ಅಂದರೆ ಯಾರೂ ಬೈಯುವುದಿಲ್ಲ. ನಿಮ್ಮ ಹೆಸರಲ್ಲಿ ಅನ್ನುವುದು ಕಷ್ಟ, ಅಲ್ವಾ?

ಗಂಡನಿಗೆ ಕೆಲಸ ಸಿಕ್ಕಿದೆ. ಮಕ್ಕಳಿಗೆ ಶಾಲೆ ಸಿಗುತ್ತದೆ. ನಿಮ್ಮ ಕೆಲಸಕ್ಕೆ ಮಾತ್ರ ಈ ಹೊಸ ಮನೆಯಲ್ಲಿ ಯಾರೂ ಜಾಗ ಹುಡುಕಿಲ್ಲ. ನೀವೂ ಹುಡುಕಿಲ್ಲ. ಭಯ ಇರುವುದು ಅಲ್ಲಿ.

ನಿಮ್ಮ ಗಂಡನೂ ಕೆಟ್ಟ ಜಾಗವನ್ನೇನೂ ಆರಿಸಿಲ್ಲ, ಅದನ್ನು ಒಪ್ಪಬೇಕು. ಚಾಂದನಿ ಚೌಕ ದಾಟಿ ಪೌಡ್ ರಸ್ತೆ ಹಿಡಿದರೆ ಭೂಗಾಂವ್, ಭೂಕುಂ, ಪಿರಂಗುಟ್, ಹಾಗೇ ಮುಳಶಿ ಕಡೆಗೆ ಸಹ್ಯಾದ್ರಿ. ಜುಲೈನಲ್ಲಿ ಆ ಬೆಟ್ಟಗಳು ಹಸಿರಾದಾಗ ಧಾರವಾಡದವರಿಗೆ ತವರು ನೆನಪಾದರೆ ಆಶ್ಚರ್ಯವಿಲ್ಲ. ಆದರೆ ಒಂದು ಲೆಕ್ಕ ಹಾಕಿ. ನಿಮ್ಮ ಗಂಡ ಬೆಳಿಗ್ಗೆ ಎಂಟೂವರೆಗೆ ಹೊರಟು ರಾತ್ರಿ ಕತ್ತಲಾದ ಮೇಲೆ ಬರುತ್ತಾರೆ. ಆ ಬೆಟ್ಟ ಅವರಿಗೆ ಸಿಗುವುದು ಶನಿವಾರ, ಭಾನುವಾರ. ಉಳಿದ ಐದು ದಿನ ಅದನ್ನು ನೋಡುತ್ತಾ ಕೂರುವವರು ನೀವು ಮತ್ತು ಅತ್ತೆ. ಹಾಗಾದರೆ ಆ ಐದು ದಿನ ಹೇಗಿರುತ್ತವೆ ಅಂತ ಮೊದಲು ನೋಡಬೇಕಲ್ಲ.

ಬೆಟ್ಟದ ಬಗ್ಗೆ ನನ್ನದೇ ಒಂದು ಕಥೆ ಇದೆ. ನಾವೂ ಎರಡು ವರ್ಷ ಪುಣೆಯ ಸೂಸ್ ರಸ್ತೆಯ ಕಡೆ ಬಾಡಿಗೆಗೆ ಇದ್ದೆವು. ಮೊದಲ ಮಳೆಗಾಲದಲ್ಲಿ ಚಹಾ ಹಿಡಿದು ಬಾಲ್ಕನಿಯಲ್ಲಿ ನಿಂತದ್ದೇ ನಿಂತದ್ದು. ಎರಡನೇ ಮಳೆಗಾಲಕ್ಕೆ ಮೊದಲು ಎದುರಿನ ಖಾಲಿ ಜಾಗಕ್ಕೆ ಹಳದಿ ಕ್ರೇನ್ ಬಂತು. ಆಮೇಲೆ ಬೆಟ್ಟ ಹೋಯಿತು, ಎದುರು ಮನೆಯವರ ಟವೆಲ್ ಬಂತು. ಸೋಮವಾರ ನೀಲಿ, ಮಂಗಳವಾರ ಗುಲಾಬಿ. ಪುಣೆಯ ಅಂಚಿನ ಬಹಳಷ್ಟು ಬೆಟ್ಟಗಳಿಗೆ "ಬಿಡಿಪಿ" ಅಂತ ಮೀಸಲು ಇದೆ, ಜೀವವೈವಿಧ್ಯ ಉದ್ಯಾನ ಅಂತ. ಅಲ್ಲಿ ಸುಮ್ನೆ ಕಟ್ಟಡ ಎಬ್ಬಿಸುವ ಹಾಗಿಲ್ಲ. ಆದರೆ ಬೆಟ್ಟಕ್ಕೂ ನಿಮ್ಮ ಬಾಲ್ಕನಿಗೂ ನಡುವೆ ಇರುವ ಸಪಾಟು ಜಾಗಕ್ಕೆ ಆ ರಕ್ಷಣೆ ಇರಬೇಕು ಅಂತೇನಿಲ್ಲ. ಮಹಾರೇರಾ, ಅಂದರೆ ಮಹಾರಾಷ್ಟ್ರದ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಅಕ್ಕಪಕ್ಕದ ಪ್ರಾಜೆಕ್ಟ್‌ಗಳನ್ನು ಹುಡುಕಿ ನೋಡಲು ಹೇಳಿ. ಬಿಲ್ಡರ್ ಕೊಟ್ಟ ಫೋಟೊದಲ್ಲಿ ಅದು ಕಾಣುವುದಿಲ್ಲ.

ನೀರಿನ ಮಾತು ಇದಕ್ಕಿಂತ ದೊಡ್ಡದು. 2021ರಲ್ಲಿ 23 ಹಳ್ಳಿಗಳನ್ನು ಪುಣೆ ಮಹಾನಗರಪಾಲಿಕೆಗೆ ಸೇರಿಸಿದರು. ಸೂಸ್, ಮ್ಹಾಳುಂಗೆ, ಬಾವಧನ್ ಬುದ್ರುಕ್ ಆ ಪಟ್ಟಿಯಲ್ಲಿವೆ. ಭೂಗಾಂವ್ ಇಲ್ಲ. ಸೇರಿದ ಕಡೆಯೂ ಕೊಳಾಯಿ ನೀರು ಅಷ್ಟು ಬೇಗ ಬರಲಿಲ್ಲ, ಬೇಸಿಗೆಯಲ್ಲಿ ಟ್ಯಾಂಕರ್ ಓಡಾಡುತ್ತಲೇ ಇರುತ್ತವೆ. ಟ್ಯಾಂಕರ್ ಅಂದರೆ ಸೊಸೈಟಿ ಮೇಂಟೆನೆನ್ಸ್ ಜಾಸ್ತಿ. ಇದನ್ನು ಸೇಲ್ಸ್ ಹುಡುಗನ ಹತ್ತಿರ ಕೇಳಬೇಡಿ. ಗೇಟಿನ ವಾಚ್‌ಮನ್ ಹತ್ತಿರ ಹೋಗಿ, "ಉನ್ಹಾಳ್ಯಾತ ಕಿತೀ ಟ್ಯಾಂಕರ ಯೇತಾತ?" (ಬೇಸಿಗೆಯಲ್ಲಿ ಎಷ್ಟು ಟ್ಯಾಂಕರ್ ಬರುತ್ತವೆ?) ಅಂತ ಕೇಳಿ. ಧಾರವಾಡದವರಿಗೆ ಇಷ್ಟು ಮರಾಠಿ ಬಂದೇ ಬರುತ್ತದೆ. ಎಷ್ಟೋ ಕಡೆ ಅವರ ಟೇಬಲ್ ಮೇಲೆ ಟ್ಯಾಂಕರ್ ಬಂದ ಹೊತ್ತು ಬರೆದಿಟ್ಟ ಒಂದು ನೋಟ್‌ಬುಕ್ ಇರುತ್ತದೆ. ಏಪ್ರಿಲ್ ಪುಟ ತೆಗೆಸಿ ನೋಡಿ.

ಈಗ ನಿಮ್ಮ ಸಂಗೀತಕ್ಕೆ ಬರೋಣ. ನೀವು ಕೈಬಿಡಲು ಹೊರಟಿರುವ ಕೆಲಸಕ್ಕೆ ಪುಣೆಗಿಂತ ಒಳ್ಳೆಯ ಊರು ಯಾವುದಿದೆ ಹೇಳಿ. ನಿಮ್ಮ ಪಕ್ಕದ ಕುಂದಗೋಳದ ಸವಾಯಿ ಗಂಧರ್ವರ ಹೆಸರಲ್ಲಿ ನಿಮ್ಮ ಕಡೆಯವರೇ ಆದ ಭೀಮಸೇನ ಜೋಶಿ 1953ರಲ್ಲಿ ಉತ್ಸವ ಶುರು ಮಾಡಿದ್ದು ಅಲ್ಲೇ. ಈಗಲೂ ಡಿಸೆಂಬರ್ ಬಂದರೆ ಪುಣೆಯವರು ಮನೆಯಿಂದ ಡಬ್ಬಿ ಕಟ್ಟಿಕೊಂಡು ಹೋಗಿ ಕೇಳುತ್ತಾರೆ. ಧಾರವಾಡದಿಂದ ಬಂದ ಗಾಯನದ ಟೀಚರ್ ಅಂದರೆ ಅಲ್ಲಿ ಕಿವಿ ನೆಟ್ಟಗಾಗುತ್ತದೆ. ಆದರೆ ವಿದ್ಯಾರ್ಥಿಗಳು ನಡೆದು ಬರುವಂಥ ಬೀದಿ ಬೇಕು, ಆಟೊ ನಿಲ್ಲುವಂಥ ಗೇಟು ಬೇಕು. ಕೊಥ್ರೂಡ್ ಅಂಥ ಜಾಗ. ಹಳೇ ಬಡಾವಣೆ, ಮರಗಳ ನೆರಳು, ಪಕ್ಕದ ಎರಂಡವಣೆಯಲ್ಲಿ ಕನ್ನಡ ಸಂಘ. ಅಲ್ಲಿಂದ ಹಿಂಜೆವಾಡಿ ದೂರ, ನಿಮ್ಮ ಗಂಡ ಗೊಣಗುತ್ತಾರೆ. ಅದಕ್ಕೇ ನನ್ನ ಆಯ್ಕೆ ಬಾವಧನ್ ಅಥವಾ ಪಾಷಾಣ್. ಕೊಥ್ರೂಡೂ ಕೈಗೆಟುಕುತ್ತದೆ, ಹೈವೇ ಹತ್ತಿ ವಾಕಡ್ ಕಡೆಯಿಂದ ಹಿಂಜೆವಾಡಿಗೂ ಹೋಗಬಹುದು. ಟ್ರಾಫಿಕ್ ಇಲ್ಲ ಅಂತ ಮಾತ್ರ ಹೇಳಲಾರೆ. ಪಾಷಾಣ್‌ನಲ್ಲಿ ಕೆರೆಯ ನೋಟ ಅಂತ ಯಾರಾದರೂ ಜಾಸ್ತಿ ಬಾಡಿಗೆ ಕೇಳಿದರೆ, ಕೊಡುವ ಮೊದಲು ಸಂಜೆ ಆರೂವರೆಗೆ ಹೋಗಿ ಕಿಟಕಿ ತೆರೆದು ಕೂತು ನೋಡಿ. ಕೆರೆ ತುಂಬಾ ಅಂತರಗಂಗೆ, ಮನೆ ತುಂಬಾ ಸೊಳ್ಳೆ.

ಹಾಗಾದರೆ ಗಂಡನ ಬೆಟ್ಟ? ಪುಣೆಯವರು ಬೆಟ್ಟವನ್ನು ಬಾಲ್ಕನಿಯಿಂದ ನೋಡುವುದಕ್ಕಿಂತ ಹತ್ತುವುದೇ ಜಾಸ್ತಿ. "ಟೇಕಡಿಗೆ ಹೋಗಿ ಬಂದೆ" ಅನ್ನುವುದು ಅಲ್ಲಿ ದಿನದ ಮಾತು. ಟೇಕಡಿ ಅಂದರೆ ಗುಡ್ಡ. ವೇತಾಳ ಟೇಕಡಿಗೆ ಪಾಷಾಣ್ ಕಡೆಯಿಂದಲೂ ದಾರಿ ಇದೆ, ಕೊಥ್ರೂಡ್ ಕಡೆಯಿಂದಲೂ ಇದೆ. ಬೆಳಿಗ್ಗೆ ಬೇಗ ಹೋದರೆ ನವಿಲಿನ ಕೂಗು ಕೇಳುತ್ತದೆ. ಮಗನನ್ನೂ ಕರೆದುಕೊಂಡು ಹೋಗಲಿ.

ಕೊಳ್ಳುವ ಮಾತು ಈಗಲೇ ಬೇಡ. ಸೈಟು ಮಾರಿದರೆ ಮತ್ತೆ ಸಿಗುವುದಿಲ್ಲ, ಫ್ಲ್ಯಾಟು ಯಾವಾಗಲೂ ಸಿಗುತ್ತದೆ. ಮೊದಲು 11 ತಿಂಗಳ ಲೀವ್ ಅಂಡ್ ಲೈಸೆನ್ಸ್, ಅಂದರೆ ಬಾಡಿಗೆ ಕರಾರು, ಮಾಡಿಕೊಳ್ಳಿ. ಮಹಾರಾಷ್ಟ್ರದಲ್ಲಿ ಅದನ್ನು ರಿಜಿಸ್ಟರ್ ಮಾಡಿಸಲೇಬೇಕು. ಡೆಪಾಸಿಟ್ ಬೆಂಗಳೂರಿನ ಹಾಗೆ ಪ್ರಾಣ ಹಿಂಡುವುದಿಲ್ಲ, ಸಾಮಾನ್ಯವಾಗಿ ಎರಡು ಮೂರು ತಿಂಗಳ ಬಾಡಿಗೆ. ಕೆಎ 25 ಕಾರು ಒಯ್ದರೆ 12 ತಿಂಗಳಾದ ಮೇಲೆ ಅಲ್ಲಿನ ನಂಬರ್ ಮಾಡಿಸಬೇಕು. ಹೊರಡುವ ಮೊದಲೇ ಧಾರವಾಡದ ಆರ್‌ಟಿಒದಿಂದ ಎನ್‌ಒಸಿ ತೆಗೆದುಕೊಂಡುಬಿಡಿ, ಆಮೇಲೆ ಅದಕ್ಕಾಗಿ ಓಡಾಡುವುದು ತಲೆನೋವು.

ಮಗಳ ವಿಷಯ ಮರೆಯಬೇಡಿ. 2020ರ ಕಾನೂನಿನ ಪ್ರಕಾರ ಅಲ್ಲಿ ಒಂದರಿಂದ ಹತ್ತರವರೆಗೆ ಮರಾಠಿ ಕಡ್ಡಾಯ, ಬೋರ್ಡ್ ಯಾವುದೇ ಇರಲಿ. ಎಂಟನೇ ತರಗತಿಗೆ ಹೊರಗಿನಿಂದ ಬಂದ ಹುಡುಗಿಗೆ ಹೇಗೆ ಕಲಿಸುತ್ತೀರಿ ಅಂತ ಶಾಲೆಯಲ್ಲಿ ನೇರವಾಗಿ ಕೇಳಿ. ಹಿಂದಿ ಓದಿದ್ದರೆ ಲಿಪಿಯ ಕಷ್ಟ ಇಲ್ಲ. ಮಗಳನ್ನೂ ಕೂರಿಸಿಕೊಂಡು ಕೇಳಿ, ಅವಳ ಅಭಿಪ್ರಾಯ ನಿಮ್ಮ ಪತ್ರದಲ್ಲಿ ಎಲ್ಲೂ ಕಾಣಲಿಲ್ಲ.

ಗಂಡನ ಜೊತೆ ವಾದ ಬೇಡ. "ಬೆಟ್ಟ ಚೊಲೋ ಅದ. ಆದರ ನನಗೂ ಅಲ್ಲಿ ಕೆಲಸ ಬೇಕು, ಪಾಠ ಬಿಡಂಗಿಲ್ಲ ನಾನು" ಅಂತ ಒಮ್ಮೆ ಹೇಳಿ. ಮಂಡಿಯ ಸುದ್ದಿ ತೆಗೆಯಬೇಡಿ. ಆಮೇಲೆ ಇಬ್ಬರೂ ಹೋಗಿ, ಭಾನುವಾರ ಅಲ್ಲ, ಸೋಮವಾರ. ಹುಬ್ಬಳ್ಳಿಯಿಂದ ಪುಣೆಗೆ 2024ರಿಂದ ವಂದೇ ಭಾರತ್ ಇದೆ, ವಾರಕ್ಕೆ ಮೂರು ದಿನ. ಅವರು ಭೂಗಾಂವ್ ಗೇಟಿನಿಂದ ಬೆಳಿಗ್ಗೆ ಎಂಟೂವರೆಗೆ ಹಿಂಜೆವಾಡಿಗೆ ಹೊರಡಲಿ. ನೀವು ಅದೇ ಗೇಟಿನಲ್ಲಿ ಹತ್ತು ಗಂಟೆಗೆ ನಿಂತು ಒಂದು ಆಟೊ ಹಿಡಿಯಿರಿ. ಮಧ್ಯಾಹ್ನ ಊಟಕ್ಕೆ ಕೂತಾಗ ಇಬ್ಬರೂ ಬೆಳಗಿನ ಸುದ್ದಿ ಹೇಳಿಕೊಳ್ಳಿ. ಅವರಿಗೆ ಏನೂ ತೊಂದರೆ ಆಗದೆ, ನಿಮಗೂ ಹತ್ತು ನಿಮಿಷದಲ್ಲಿ ಆಟೊ ಸಿಕ್ಕಿದ್ದರೆ ನಾನು ಹೇಳಿದ್ದನ್ನೆಲ್ಲ ಬಿಟ್ಟುಬಿಡಿ, ಭೂಗಾಂವ್‌ನಲ್ಲೇ ಬಾಡಿಗೆ ಮನೆ ನೋಡಿ.

ಕೆಟ್ಟವಳಾಗುತ್ತೇನಾ ಅಂತ ಕೇಳಿದಿರಿ. ಗಂಡ ಒಂದು ವಾರ ಮುಖ ಊದಿಸಿಕೊಂಡಿರಬಹುದು, ಅಷ್ಟೇ.

ಆಮೇಲೆ, ತಂಬೂರಿಯನ್ನು ಪ್ಯಾಕರ್‌ಗಳ ಲಾರಿಗೆ ಹಾಕಬೇಡಿ. ಬುರುಡೆ ಬಿರುಕು ಬಿಟ್ಟರೆ ರಿಪೇರಿಗೆ ಮಿರಜಕ್ಕೇ ಒಯ್ಯಬೇಕಾಗುತ್ತದೆ. ಕಾರಿನ ಹಿಂದಿನ ಸೀಟಿನಲ್ಲಿ, ಹಳೇ ಕೌದಿಯಲ್ಲಿ ಸುತ್ತಿ ಮಲಗಿಸಿ. ಮಕ್ಕಳು ಟ್ರೇನಿನಲ್ಲಿ ಬರಲಿ.