'ಗೆದ್ದೇ ಗೆಲ್ತೀನಿ' ಅಂದುಕೊಂಡರೆ ಕ್ರೀಡೆಯಲ್ಲಿ ನಿಜವಾಗಲೂ ಗೆಲ್ಲಬಹುದಾ?

ಬರೀ ಅಂದುಕೊಂಡರೆ ಸಾಲದು. ನಂಬಿಕೆ ಇದ್ದರೆ ಕಾಲು ಸೋತಾಗಲೂ ಇನ್ನಷ್ಟು ದೂರ ಓಡಬಹುದು, ನಿಜ. ಆದರೆ ತಿಂಗಳುಗಟ್ಟಲೆ ತರಬೇತಿಯಿಂದ ಹೃದಯ, ಸ್ನಾಯುಗಳಿಗೆ ಬಂದ ಶಕ್ತಿಯನ್ನು ಮನಸ್ಸು ಬಳಸಿಕೊಳ್ಳಬಹುದೇ ಹೊರತು, ಇಲ್ಲದ್ದನ್ನು ಹುಟ್ಟಿಸಲಾರದು. ಮೊಣಕಾಲು ನೋವನ್ನು 'ಏನಿಲ್ಲ ಬಿಡು' ಅಂತ ತಳ್ಳಿಹಾಕಿದರೆ ಗಾಯ ಜಾಸ್ತಿಯಾಗಬಹುದು, ಅಷ್ಟೇ.

ಇನ್ನೊಂದು ತಮಾಷೆ ಇದೆ. ಮನಶ್ಶಾಸ್ತ್ರಜ್ಞೆ ಗೇಬ್ರಿಯೆಲ್ ಓಟಿಂಗೆನ್ ಅವರ ಪ್ರಯೋಗಗಳಲ್ಲಿ, ಆಸೆ ಈಡೇರಿದಂತೆ ಸುಮ್ನೆ ಕಲ್ಪಿಸಿಕೊಂಡು ಖುಷಿಪಟ್ಟವರ ಹುರುಪೇ ಇಳಿದಿತ್ತು. ಪದಕ ಆಗಲೇ ಕೊರಳಿಗೆ ಬಿದ್ದ ಹಾಗೆ ಮೈ ಸಡಿಲವಾಗುತ್ತದೆ, ಅಲ್ವಾ?

ನನ್ನ ಪ್ರಕಾರ, ಕೆಟ್ಟದ್ದನ್ನೂ ಯೋಚಿಸಿಟ್ಟುಕೊಂಡವರೇ ಜಾಣರು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಬಟರ್‌ಫ್ಲೈ ಫೈನಲ್ ಈಜುವಾಗ ಮೈಕೆಲ್ ಫೆಲ್ಪ್ಸ್ ಅವರ ಗಾಗಲ್ಸ್ ಒಳಗೆ ನೀರು ತುಂಬಿಕೊಂಡಿತು. ಕೊನೆಕೊನೆಗೆ ಗೋಡೆಯೇ ಕಾಣುತ್ತಿರಲಿಲ್ಲ. ಇಂಥ ಎಡವಟ್ಟುಗಳನ್ನು ಅವರು ಮೊದಲೇ ಮನಸ್ಸಿನಲ್ಲಿ ಆಡಿ ನೋಡಿದ್ದರು. ಎಷ್ಟು ಸಲ ಕೈ ಬೀಸಿದರೆ ಗೋಡೆ ಸಿಗುತ್ತದೆ ಅನ್ನುವುದು ವರ್ಷಗಳ ಅಭ್ಯಾಸದಿಂದ ಗೊತ್ತಿತ್ತು. ಗಾಬರಿಯಾಗದೆ ಎಣಿಸುತ್ತಾ ಈಜಿ, 1 ನಿಮಿಷ 52.03 ಸೆಕೆಂಡಿನಲ್ಲಿ ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದರು.