ಮೆಕ್ಯಾನಿಕಲ್ ಓದಿದವರಿಗೆ ಬೆಂಗಳೂರಿನಲ್ಲಿ ಕೋರ್ ಕೆಲಸ ಸಿಗುತ್ತಾ?

ಹಾವೇರಿ ಕಡೆಯವರು, ಬಿಇ ಮೆಕ್ಯಾನಿಕಲ್ ಮುಗಿದಿದೆ, ಐಟಿಗೆ ಹೋಗೋಕೆ ಮನಸ್ಸಿಲ್ಲ, ಬೆಂಗಳೂರಿನಲ್ಲಿ ನಮ್ಮ ಬ್ರಾಂಚಿನ ಕೆಲಸ ಇದೆಯಾ ಅಂತ ಕೇಳಿದ್ದೀರಿ. ಇದೆ. ಆದರೆ ಅದರಲ್ಲಿ ಎಷ್ಟೋ ಕೆಲಸ ಜಾಬ್ ಪೋರ್ಟಲ್‌ವರೆಗೆ ಬರೋದೇ ಇಲ್ಲ.

ನಾನು ಪೀಣ್ಯದ ಒಂದು ಮಷಿನಿಂಗ್ ಕಾರ್ಖಾನೆಯಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತೇನೆ. ಹೊಸಬರ ಇಂಟರ್‌ವ್ಯೂನೂ ನನ್ನ ತಲೆಗೇ. ರೆಸ್ಯೂಮೆ ತುಂಬ ಆಟೋಕ್ಯಾಡ್, ಸಾಲಿಡ್‌ವರ್ಕ್ಸ್‌ನಂಥ ಡಿಸೈನ್ ಸಾಫ್ಟ್‌ವೇರ್ ಹೆಸರು ಇರುತ್ತೆ. ನಾನು ಒಂದು ಡ್ರಾಯಿಂಗ್ ಕೈಗೆ ಕೊಟ್ಟು, 25 ಎಚ್7 ಅಂತಿರುವ ಬೋರ್ (ದುಂಡನೆಯ ತೂತು) ತೋರಿಸಿ, ‘ಇದನ್ನ ಯಾವುದರಲ್ಲಿ ಅಳೀತೀರಾ?’ ಅಂತ ಕೇಳುತ್ತೇನೆ. ಹೆಚ್ಚಿನವರು ವರ್ನಿಯರ್ ಅಂತಾರೆ. 25 ಎಚ್7 ಅಂದರೆ ಈ ಬೋರ್ 25.000ದಿಂದ 25.021 ಮಿ.ಮೀ. ಒಳಗಿರಬೇಕು. ಮೇಜಿನ ಮೇಲಿರುವ ವರ್ನಿಯರಿನ ಲೀಸ್ಟ್ ಕೌಂಟೇ, ಅಂದರೆ ಅದು ಅಳೆಯಬಲ್ಲ ಅತಿ ಸಣ್ಣ ಅಳತೆಯೇ, 0.02 ಮಿ.ಮೀ. ಇಡೀ ಟಾಲರೆನ್ಸ್ (ಅಳತೆಯಲ್ಲಿ ನಡೆಯುವ ವ್ಯತ್ಯಾಸ) ಒಂದೇ ಗೆರೆಯಲ್ಲಿ ಮುಗಿದುಹೋಯಿತಲ್ಲ! ಇಂಥ ಬೋರ್ ಪರೀಕ್ಷಿಸೋಕೇ ಇರುವ ಪ್ಲಗ್ ಗೇಜ್ ಅಥವಾ ಬೋರ್ ಗೇಜ್ ಅಂದವರ ಜೊತೆ ಮಾತು ಮುಂದುವರಿಯುತ್ತೆ. ಮೆಟ್ರಾಲಜಿ (ಅಳತೆಯ ಶಾಸ್ತ್ರ) ವಿಷಯದಲ್ಲಿ ಓದಿದ್ದೇ ಇದು. ಹಳೇ ನೋಟ್ಸ್ ತೆಗೆದು ಲಿಮಿಟ್ಸ್, ಫಿಟ್ಸ್, ಜಿಡಿ ಆ್ಯಂಡ್ ಟಿ (ಆಕಾರ, ಸ್ಥಾನದ ಮಿತಿಯನ್ನ ಡ್ರಾಯಿಂಗ್‌ನಲ್ಲಿ ತೋರಿಸೋ ಗುರುತುಗಳು) ಸರಿಯಾಗಿ ಓದಿಕೊಳ್ಳಿ.

ಸಿಎನ್‌ಸಿ (ಕಂಪ್ಯೂಟರ್ ನಡೆಸೋ ಮಷಿನ್) ಕಲಿಯೋಕೆ ಬೆಂಗಳೂರಿಗೇ ಬರಬೇಕಿಲ್ಲ. ಸರ್ಕಾರದ ತರಬೇತಿ ಕೇಂದ್ರ ಜಿಟಿಟಿಸಿ ರಾಜಾಜಿನಗರದಲ್ಲಿ ಇರುವ ಹಾಗೆ ನಿಮಗೆ ಹತ್ತಿರದ ಹುಬ್ಬಳ್ಳಿಯಲ್ಲೂ ಇದೆ. ಕೇಂದ್ರ ಸರ್ಕಾರದ ಅಪ್ರೆಂಟಿಸ್ ಯೋಜನೆಯಾದ ಎನ್‌ಎಟಿಎಸ್ ಪೋರ್ಟಲ್‌ನಲ್ಲೂ ಹೆಸರು ನೋಂದಾಯಿಸಿ. ಎಚ್‌ಎಎಲ್, ಬಿಇಎಲ್‌ನಂಥ ಕಡೆ ಒಂದು ವರ್ಷದ ಅಪ್ರೆಂಟಿಸ್ ಸಿಕ್ಕರೆ ಬಿಡಬೇಡಿ. ಮುಗಿದ ಮೇಲೆ ಅಲ್ಲೇ ಇಟ್ಟುಕೊಳ್ಳುತ್ತಾರೆ ಅನ್ನೋ ಖಾತ್ರಿ ಇಲ್ಲ, ಆದರೆ ನಮ್ಮಂಥವರು ಆ ಸರ್ಟಿಫಿಕೇಟ್ ನೋಡುತ್ತೇವೆ.

ಇಲ್ಲಿಗೆ ಬಂದ ಮೇಲೆ ‘ಪೀಣ್ಯ ಇಂಡಸ್ಟ್ರಿ’ ಮೆಟ್ರೋ ಸ್ಟೇಷನ್ನಿನಲ್ಲಿ ಇಳಿದು ಒಳಗಿನ ರಸ್ತೆಗಳಲ್ಲಿ ನಡೆಯಿರಿ. ‘ಬೇಕಾಗಿದ್ದಾರೆ’ ಅಂತ ಗೇಟಿಗೇ ಬೋರ್ಡ್ ನೇತುಹಾಕಿರುತ್ತಾರೆ. ಬೊಮ್ಮಸಂದ್ರ, ಜಿಗಣಿ ಕಡೆನೂ ಹೀಗೇ. ಮಾದಾವರದ ಬಿಐಇಸಿ ಪ್ರದರ್ಶನ ಕೇಂದ್ರದಲ್ಲಿ ಇಮ್‌ಟೆಕ್ಸ್ ಅನ್ನೋ ಮಷಿನ್‌ಗಳ ಪ್ರದರ್ಶನ ನಡೆದಾಗ ಹೋಗಿ ಬನ್ನಿ, ಮಷಿನ್ ಕಂಪನಿಗಳ ಸರ್ವಿಸ್, ಅಪ್ಲಿಕೇಶನ್ ವಿಭಾಗದವರು ನೇರವಾಗಿ ಮಾತಿಗೆ ಸಿಗುತ್ತಾರೆ.

ಒಂದು ಮಾತು ಕಹಿಯಾದರೂ ಹೇಳಿಬಿಡುತ್ತೇನೆ. ಸಣ್ಣ ಕಾರ್ಖಾನೆಗಳ ಓನರ್‌ಗಳಿಗೆ ಬಿಇಗಿಂತ ಡಿಪ್ಲೊಮಾ ಹುಡುಗರೇ ಇಷ್ಟ. ಬಿಇಯವರು ಕೆಲಸ ಕಲಿತು ಆರು ತಿಂಗಳಿಗೆ ಐಟಿಗೆ ಜಿಗಿಯುತ್ತಾರೆ ಅನ್ನೋ ಭಯ. ಸುಳ್ಳೂ ಅಲ್ಲ, ಮೊದಲ ಸಂಬಳ ನೋಡಿದರೆ ಯಾರಿಗಾದರೂ ಹಾಗೇ ಅನಿಸುತ್ತೆ. ‘ಎಷ್ಟು ದಿನ ಇರ್ತೀರಾ?’ ಅನ್ನೋ ಪ್ರಶ್ನೆಗೆ ಉತ್ತರ ಯೋಚಿಸಿಕೊಂಡೇ ಬನ್ನಿ.

ಕೆಲಸ ಕೊಡಿಸುತ್ತೇವೆ, ಮುಂಗಡ ಕಟ್ಟಿ ಅನ್ನೋ ಕನ್ಸಲ್ಟೆನ್ಸಿಯಿಂದ ಎದ್ದು ಬನ್ನಿ. ಪೀಣ್ಯದಲ್ಲಿ ಕೆಲಸ ಸಿಕ್ಕಿ ರೂಮ್ ಮಾಡೋದಾದರೆ ದಾಸರಹಳ್ಳಿ, ಚೊಕ್ಕಸಂದ್ರ ಕಡೆ ನೋಡಿ. ಶಿಫ್ಟ್ ಯಾವುದೇ ಬಿದ್ದರೂ ನಡೆದುಕೊಂಡು ಬರಬಹುದು.