ಓದುಗರ ಪ್ರಶ್ನೆ: ಯಕ್ಷಗಾನ ಆಟದ ವಿಡಿಯೊ ಯೂಟ್ಯೂಬಿನಲ್ಲಿ ಮಸುಕಾಗುವುದೇಕೆ?

ಪ್ರಶ್ನೆ: ನಮ್ಮ ಸುತ್ತಲಿನ ಯಕ್ಷಗಾನ ಬಯಲಾಟಗಳನ್ನು ಚಿತ್ರೀಕರಿಸಿ ಯೂಟ್ಯೂಬಿಗೆ ಹಾಕುತ್ತಿದ್ದೇನೆ. ಕ್ಯಾಮೆರಾ 1080ಪಿ, ಸೆಕೆಂಡಿಗೆ 25 ಫ್ರೇಮ್. ಸಂಕಲನಕ್ಕೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಬಳಸುತ್ತೇನೆ. ಗುಣಮಟ್ಟ ಹೆಚ್ಚಲೆಂದು 4ಕೆ ಅಳತೆಯಲ್ಲಿ, 50 ಎಂಬಿಪಿಎಸ್ (ಸೆಕೆಂಡಿಗೆ 50 ಮೆಗಾಬಿಟ್) ಬಿಟ್‌ರೇಟ್ ಕೊಟ್ಟು ಎಕ್ಸ್‌ಪೋರ್ಟ್ ಮಾಡಿದರೆ ಮೂರು ತಾಸಿನ ಪ್ರಸಂಗ 67 ಜಿಬಿ ದಾಟುತ್ತದೆ. ರಾತ್ರಿ ಅಪ್‌ಲೋಡ್‌ಗೆ ಇಟ್ಟದ್ದು ಬೆಳಗಾದರೂ ಮುಗಿಯುವುದಿಲ್ಲ. ಅದನ್ನೇ ಕನ್ವರ್ಟರ್‌ನಲ್ಲಿ ಚಿಕ್ಕದು ಮಾಡಿ ಕಳಿಸಿದರೆ ಕುಣಿತದ ಭಾಗವೆಲ್ಲ ಚೌಕ ಚೌಕವಾಗಿ ಒಡೆಯುತ್ತದೆ. ಸರಿಯಾದ ಸೆಟಿಂಗ್ ಯಾವುದು?
— ಓದುಗರೊಬ್ಬರು, ಹೊನ್ನಾವರ ತಾಲೂಕು

ಉತ್ತರ: ನೀವು ಎಷ್ಟೇ ದೊಡ್ಡ ಫೈಲ್ ಕಳಿಸಿದರೂ ಯೂಟ್ಯೂಬ್ ಅದನ್ನು ಇದ್ದಹಾಗೆಯೇ ನೋಡುಗರಿಗೆ ತಲುಪಿಸುವುದಿಲ್ಲ, ತನ್ನದೇ ಲೆಕ್ಕದಲ್ಲಿ ಮತ್ತೊಮ್ಮೆ ಕುಗ್ಗಿಸಿ, ಬೇರೆ ಬೇರೆ ಅಳತೆಯ ಪ್ರತಿಗಳನ್ನು ತಯಾರಿಸಿಕೊಳ್ಳುತ್ತದೆ. ಹೀಗಾಗಿ ನಿಮ್ಮ ವಿಡಿಯೊ ರಿಸಾಲ್ವ್‌ನಲ್ಲಿ ಒಮ್ಮೆ, ಕನ್ವರ್ಟರ್‌ನಲ್ಲಿ ಒಮ್ಮೆ, ಯೂಟ್ಯೂಬಿನಲ್ಲಿ ಇನ್ನೊಮ್ಮೆ ಕುಗ್ಗುತ್ತಿದೆ, ಮತ್ತು ಪ್ರತಿ ಸಲವೂ ವಿವರ ಕಳೆದುಹೋಗುತ್ತದೆ. ಮೊದಲು ಆ ಕನ್ವರ್ಟರ್‌ನ ಹಂತವನ್ನು ಪೂರ್ತಿ ಬಿಟ್ಟುಬಿಡಿ. ರಿಸಾಲ್ವ್‌ನಿಂದ ಹೊರಬರುವ ಫೈಲೇ ನೇರವಾಗಿ ಅಪ್‌ಲೋಡ್ ಆಗುವಂತಿರಬೇಕು.

ಕ್ಯಾಮೆರಾ 1080ಪಿಯಲ್ಲಿ ಕಾಣದ ವಿವರ 4ಕೆ ಎಂದು ಬರೆದ ಮಾತ್ರಕ್ಕೆ ಹುಟ್ಟುವುದಿಲ್ಲವಾದ್ದರಿಂದ, ರಿಸಾಲ್ವ್‌ನಲ್ಲಿ ಎಕ್ಸ್‌ಪೋರ್ಟ್ ಮಾಡುವ ಡೆಲಿವರ್ ಪುಟದಲ್ಲಿ ಅಳತೆಯನ್ನು 1920 × 1080 ಎಂದೂ, ಫಾರ್ಮ್ಯಾಟ್ ಅನ್ನು ಎಂಪಿ4 ಎಂದೂ, ಕೋಡೆಕ್ ಅನ್ನು, ಅಂದರೆ ಕುಗ್ಗಿಸುವ ವಿಧಾನವನ್ನು, ಎಚ್.264 ಎಂದೂ ಇಟ್ಟುಕೊಳ್ಳಿ. ಬಿಟ್‌ರೇಟ್ ಎಂದರೆ ಚಿತ್ರದ ಪ್ರತಿ ಸೆಕೆಂಡಿಗೆ ನಾವು ಕೊಡುವ ಮಾಹಿತಿಯ ಪಾಲು. ಸೆಕೆಂಡಿಗೆ 24ರಿಂದ 30 ಫ್ರೇಮ್‌ಗಳ 1080ಪಿ ವಿಡಿಯೊಗೆ ಯೂಟ್ಯೂಬ್ ಶಿಫಾರಸು ಮಾಡುವುದು 8 ಎಂಬಿಪಿಎಸ್. 50 ಅಥವಾ 60 ಫ್ರೇಮ್‌ಗಳಾದರೆ 12. ರಿಸಾಲ್ವ್‌ನಲ್ಲಿ ಈ ಸಂಖ್ಯೆಯನ್ನು ಕಿಲೋಬಿಟ್‌ಗಳಲ್ಲಿ ತುಂಬಬೇಕಾದ್ದರಿಂದ 8 ಎಂಬುದನ್ನು 8000 ಎಂದು ಬರೆಯಬೇಕು.

ಆದರೆ ಆಟದ ವಿಷಯದಲ್ಲಿ ನಾನು 8ಕ್ಕೆ ನಿಲ್ಲಲಾರೆ. ಇಬ್ಬರು ಪಾತ್ರಧಾರಿಗಳು ನಿಂತು ಅರ್ಥ ಹೇಳುವಾಗ ಒಂದು ಫ್ರೇಮಿಗೂ ಮುಂದಿನದಕ್ಕೂ ವ್ಯತ್ಯಾಸ ಕಡಿಮೆಯಿರುವುದರಿಂದ ಅಲ್ಪ ಮಾಹಿತಿಯೇ ಸಾಕಾಗುತ್ತದೆ; ಅದೇ ವೇಷ ಮಂಡಿ ಹಾಕಿ ಸುತ್ತತೊಡಗಿದ ಕೂಡಲೇ ಆಭರಣದ ಒಂದೊಂದು ಹೊಳಪೂ, ಬಟ್ಟೆಯ ಒಂದೊಂದು ಪಟ್ಟಿಯೂ ಪ್ರತಿ ಫ್ರೇಮಿನಲ್ಲಿ ಜಾಗ ಬದಲಿಸುತ್ತದೆ, ಮತ್ತು ಪಾಲು ಸಾಲದಾದಾಗ ಚಿತ್ರ ಒಡೆಯುವುದು ಅಲ್ಲಿಯೇ. ನಮ್ಮ ಬಡಗಿನ (ಯಕ್ಷಗಾನದ ಬಡಗುತಿಟ್ಟು ಶೈಲಿಯ) ಆಟದ ಜೀವ ಇರುವುದೂ ಆ ಕುಣಿತದಲ್ಲಿಯೇ ಅಲ್ಲವೇ! ಆದ್ದರಿಂದ 12000 ಕೊಡಿ. ನಿಮ್ಮ ತಂತ್ರಾಂಶದಲ್ಲಿ ಬದಲಾಗುವ ಬಿಟ್‌ರೇಟ್, ಅಂದರೆ ವಿಬಿಆರ್, ಆಯ್ಕೆ ಇದ್ದರೆ ಅದನ್ನು ಆರಿಸಿ, ಆಗ ನಿಂತ ದೃಶ್ಯದಲ್ಲಿ ಉಳಿದದ್ದು ಕುಣಿತಕ್ಕೆ ಒದಗುತ್ತದೆ.

ಸಮಯದ ಲೆಕ್ಕವನ್ನೂ ನೋಡಿ. 8 ಬಿಟ್‌ಗೆ ಒಂದು ಬೈಟ್ ಆದ್ದರಿಂದ, 12 ಎಂಬಿಪಿಎಸ್‌ನ ಮೂರು ತಾಸಿನ ಪ್ರಸಂಗ ಸುಮಾರು 16 ಜಿಬಿ ಆಗುತ್ತದೆ. ನಿಮ್ಮ ಸಂಪರ್ಕದ ಅಪ್‌ಲೋಡ್ ವೇಗ 10 ಎಂಬಿಪಿಎಸ್ ಎಂದಿಟ್ಟುಕೊಂಡರೂ 67 ಜಿಬಿ ಹೋಗಲು 15 ತಾಸು ಬೇಕು. ಈ 16 ಜಿಬಿಗೆ ನಾಲ್ಕು ತಾಸಿಗಿಂತ ಕಡಿಮೆ ಸಾಕು. ಕಂಪನಿಯವರು ಜಾಹೀರಾತಿನಲ್ಲಿ ಹೇಳುವುದು ಬಹುಪಾಲು ಡೌನ್‌ಲೋಡ್ ವೇಗ, ನಿಮಗೆ ಬೇಕಾದದ್ದು ಇನ್ನೊಂದು. ಅದನ್ನು ಬೇರೆಯಾಗಿಯೇ ಅಳೆದುಕೊಳ್ಳಿ.

ಫ್ರೇಮ್‌ರೇಟ್ ವಿಷಯದಲ್ಲಿ ಒಂದೇ ನಿಯಮ: ಚಿತ್ರೀಕರಿಸಿದಷ್ಟೇ ಎಕ್ಸ್‌ಪೋರ್ಟ್ ಆಗಬೇಕು. ರಿಸಾಲ್ವ್ ಹೊಸ ಪ್ರಾಜೆಕ್ಟನ್ನು ಸಾಮಾನ್ಯವಾಗಿ 24ಕ್ಕೆ ತೆರೆಯುತ್ತದೆ, ಟೈಮ್‌ಲೈನ್ ಮಾಡಿದ ಮೇಲೆ ಅದನ್ನು ಬದಲಿಸಲು ಬಿಡುವುದಿಲ್ಲ. ಆದ್ದರಿಂದ ಮೊದಲೇ 25 ಎಂದು ಇಟ್ಟುಕೊಳ್ಳಿ. ಪಕ್ಕದಿಂದ ಫೋನಿನಲ್ಲಿ ತೆಗೆದ ತುಣುಕನ್ನೂ ಸೇರಿಸುವವರು ಇನ್ನೊಂದು ಎಚ್ಚರ ವಹಿಸಬೇಕು. ಅನೇಕ ಫೋನ್‌ಗಳ ಫ್ರೇಮ್‌ರೇಟ್ ಸ್ಥಿರವಾಗಿರದೆ ಏರಿಳಿಯುವುದರಿಂದ, ಹೊತ್ತು ಕಳೆದಂತೆ ಚಂಡೆಯ ಪೆಟ್ಟು ಒಂದು ಕಡೆ, ಹೆಜ್ಜೆ ಇನ್ನೊಂದು ಕಡೆ ಆಗುತ್ತದೆ. ಅಂಥ ತುಣುಕನ್ನು ಮಾತ್ರ ಸಂಕಲನಕ್ಕೆ ಮುಂಚೆ ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಸ್ಥಿರ ಫ್ರೇಮ್‌ರೇಟಿಗೆ ತಂದುಕೊಳ್ಳಿ.

ಧ್ವನಿಗೆ ಎಎಸಿ ಕೋಡೆಕ್, 48 ಕಿಲೋಹರ್ಟ್ಸ್, ಸ್ಟೀರಿಯೊ, 384 ಕೆಬಿಪಿಎಸ್. ಇಲ್ಲಿ ಉಳಿಸಲು ಹೋಗಬೇಡಿ. ಮೂರು ತಾಸಿನ ಆಟಕ್ಕೂ ಇದು ಅರ್ಧ ಜಿಬಿಯಷ್ಟೇ. ಚಂಡೆಯ ಪೆಟ್ಟು ಮೀಟರಿನಲ್ಲಿ ಸೊನ್ನೆ ಡೆಸಿಬಲ್‌ಗೆ ತಾಗದಂತೆ, ಒಂದೆರಡು ಡೆಸಿಬಲ್ ಕೆಳಗೇ ನಿಲ್ಲುವಂತೆ ನೋಡಿಕೊಳ್ಳಿ, ಏಕೆಂದರೆ ಮರುಕುಗ್ಗಿಸುವಾಗ ಆ ತುದಿಗಳು ಇನ್ನಷ್ಟು ಮೇಲೇರಿ ಒಡಕು ಸದ್ದು ಬರಬಹುದು, ಮತ್ತು ಆ ಒಡಕು ಭಾಗವತರ ಪದ್ಯವನ್ನೂ ಕೆಡಿಸುತ್ತದೆ.

ಎಕ್ಸ್‌ಪೋರ್ಟ್‌ನಿಂದ ಸರಿಯಾಗದ ಒಂದು ದೋಷವನ್ನೂ ಹೇಳಬೇಕು. ಕತ್ತಲಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಏರಿಸಿ ತೆಗೆದಾಗ ಕಪ್ಪು ಹಿನ್ನೆಲೆಯಲ್ಲಿ ಕಾಳುಕಾಳಾಗಿ ನಡುಗುವ ಚುಕ್ಕೆಗಳು ತಂತ್ರಾಂಶದ ಪಾಲಿಗೆ ಚಲನೆಯೇ ಆಗಿರುತ್ತವೆ. ವೇಷಕ್ಕೆ ಸಲ್ಲಬೇಕಾದ ಮಾಹಿತಿ ಅವಕ್ಕೆ ಸೋರಿಹೋಗುತ್ತದೆ. ಅವನ್ನು ತೆಗೆಯುವ ಸಾಧನ ರಿಸಾಲ್ವ್‌ನ ಹಣ ಕೊಡುವ ಆವೃತ್ತಿಯಲ್ಲಿ ಮಾತ್ರ ಇರುವುದರಿಂದ, ಐಎಸ್‌ಒವನ್ನು ಚಿತ್ರೀಕರಿಸುವಾಗಲೇ ತಗ್ಗಿಸಿ, ಶಟರ್ ಅನ್ನು 1/50 ಸೆಕೆಂಡಿಗೆ ಇಡಿ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ರಂಗಸ್ಥಳದ ದೀಪಗಳ ಮಿನುಗೂ ಇದರಿಂದ ತಪ್ಪುತ್ತದೆ.

ಪೂರ್ತಿ ಪ್ರಸಂಗವನ್ನು ಕಳಿಸುವ ಮೊದಲು ರಭಸದ ಕುಣಿತವಿರುವ ಒಂದು ನಿಮಿಷದ ಭಾಗವನ್ನಷ್ಟೇ ಎಕ್ಸ್‌ಪೋರ್ಟ್ ಮಾಡಿ, ಖಾಸಗಿಯಾಗಿ ಅಪ್‌ಲೋಡ್ ಮಾಡಿ ನೋಡಿ. ಒಮ್ಮೆ ಹಾಕಿದ ವಿಡಿಯೊದ ಜಾಗದಲ್ಲೇ ಬೇರೆ ಫೈಲ್ ಇಡಲು ಯೂಟ್ಯೂಬ್ ಬಿಡುವುದಿಲ್ಲ. ಹೊಸದಾಗಿ ಹಾಕಿದರೆ ಕೊಂಡಿಯೂ ಹೊಸದೇ. ಅಪ್‌ಲೋಡ್ ಆದೊಡನೆ ಕಾಣುವುದು ಕಡಿಮೆ ಗುಣಮಟ್ಟದ ಪ್ರತಿ, ಎಚ್‌ಡಿ ಪ್ರತಿ ತಯಾರಾಗಲು ಹೊತ್ತು ಬೇಕು, ಆದ್ದರಿಂದ ಕೂಡಲೇ ನೋಡಿ ಮಸುಕೆಂದು ನಿರ್ಧರಿಸಬೇಡಿ. ಪರೀಕ್ಷೆಯ ತುಣುಕು ಆಮೇಲೂ ಒಡೆಯುತ್ತಿದ್ದರೆ 2560 × 1440 ಅಳತೆಗೆ ಹಿಗ್ಗಿಸಿ, 16000 ಬಿಟ್‌ರೇಟ್ ಕೊಟ್ಟು ಮತ್ತೊಮ್ಮೆ ಪ್ರಯತ್ನಿಸಬಹುದು. ವಿವರ ಹೆಚ್ಚದಿದ್ದರೂ ಆ ಅಳತೆಯ ವಿಡಿಯೊಗಳಿಗೆ ಯೂಟ್ಯೂಬ್ ಸಾಮಾನ್ಯವಾಗಿ ವಿಪಿ9 ಎಂಬ ಉತ್ತಮ ಕೋಡೆಕ್ಕನ್ನು ಬಳಸುವುದರಿಂದ ಕುಣಿತ ಹೆಚ್ಚು ಸ್ವಚ್ಛವಾಗಿ ಕಾಣುವುದುಂಟು.

ಪ್ರಶ್ನೆ: ಯಲ್ಲಾಪುರದ ಸಾತೊಡ್ಡಿ ಜಲಪಾತವನ್ನು ಫೋನಿನಲ್ಲಿ 4ಕೆಯಲ್ಲಿ ಚಿತ್ರೀಕರಿಸಿದ್ದೆ. ಯೂಟ್ಯೂಬಿಗೆ 1080ಪಿಯಲ್ಲಿ ಹಾಕಿದಾಗ ನೊರೆಯೆಲ್ಲ ಕಲಸಿದಂತಾಗಿ, ಬಿಳಿ ಬಣ್ಣವೂ ಪೇಲವವಾಗಿ ಕಾಣುತ್ತಿದೆ.
— ಓದುಗರೊಬ್ಬರು, ಕಾರವಾರ

ಉತ್ತರ: ಬೀಳುವ ನೀರಿನ ಒಂದು ಫ್ರೇಮ್ ಇನ್ನೊಂದನ್ನು ಹೋಲುವುದೇ ಇಲ್ಲವಾದ್ದರಿಂದ ಕುಗ್ಗಿಸುವ ತಂತ್ರಕ್ಕೆ ಇದು ಅತ್ಯಂತ ಕಠಿಣ ದೃಶ್ಯ. ನಿಮ್ಮ ಮೂಲವೇ 4ಕೆ ಆಗಿರುವಾಗ ಅದನ್ನು ಇಳಿಸಬೇಡಿ. 45 ಎಂಬಿಪಿಎಸ್ ಕೊಟ್ಟರೂ ಒಂದು ನಿಮಿಷಕ್ಕೆ 340 ಎಂಬಿ ಅಷ್ಟೇ ಆಗುತ್ತದೆ. ಬಣ್ಣದ ದೋಷಕ್ಕೆ ಬಹುಶಃ ಫೋನಿನ ಎಚ್‌ಡಿಆರ್ (ಬೆಳಕು-ಕತ್ತಲಿನ ಹೆಚ್ಚಿನ ವ್ಯಾಪ್ತಿಯನ್ನು ಹಿಡಿಯುವ) ಚಿತ್ರೀಕರಣ ಕಾರಣ. ಮುಂದಿನ ಸಲ ಕ್ಯಾಮೆರಾದಲ್ಲೇ ಅದನ್ನು ಆಫ್ ಮಾಡಿಡಿ, ಈಗಿನದನ್ನು ಸಂಕಲನದ ಬಣ್ಣ ವಿಭಾಗದಲ್ಲಿ ಸಾಮಾನ್ಯ ವಿಡಿಯೊದ ಬಣ್ಣದ ಮಾನದಂಡವಾದ ರೆಕ್ 709ಕ್ಕೆ ಪರಿವರ್ತಿಸಿ ಎಕ್ಸ್‌ಪೋರ್ಟ್ ಮಾಡಿ. ಫೋನಿನಿಂದ ಕಂಪ್ಯೂಟರಿಗೆ ಫೈಲನ್ನು ಕೇಬಲ್‌ನಲ್ಲೇ ತನ್ನಿ. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಎಂದು ಕಳಿಸಿಕೊಂಡರೆ ಅಲ್ಲಿಯೇ ಕುಗ್ಗಿರುತ್ತದೆ.